ದೂರಿಲ್ಲದ ಊರು

ತಿ. ನರಸೀಪುರದ ನಮ್ಮ ಮನೆಯ ಶೋಕೇಸಿನಲ್ಲಿ ನನಗೆ ಬಂದ ಪ್ರಶಸ್ತಿಫಲಕವೊಂದಿದೆ. ಮಗಳು ಮೂರನೇ ತರಗತಿಯಲ್ಲಿ ಓಟದ ಪಂದ್ಯದಲ್ಲಿ ಗೆದ್ದ ಸ್ಟೀಲ್ ಡಬ್ಬಿಯ ಹಿಂದೆ, ಸುಲಭಕ್ಕೆ ಕಾಣದ ಹಾಗೆ ನಾನೇ ಇಟ್ಟಿದ್ದೇನೆ. ಬಂದ ನೆಂಟರು ಅದನ್ನು ಹೇಗೋ ಪತ್ತೆಹಚ್ಚಿ, "ಇದ್ಯಾಕೆ ಬಂತು?" ಎಂದು ಕೇಳಿದರೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಒಂದೇ ಒಂದು ದೂರೂ ಇಲ್ಲದ ಗ್ರಾಮವನ್ನು ನಡೆಸಿದ್ದಕ್ಕೆ ಕೊಟ್ಟದ್ದು ಎಂದು ಹೇಳಬೇಕಾಗುತ್ತದೆ. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ.

ಆಗ ನಾನು ನಂಜನಗೂಡು ತಾಲ್ಲೂಕಿನಲ್ಲಿ, ಹುಲ್ಲಹಳ್ಳಿ ಕಡೆಯ ಒಂದು ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಹತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದೆ. ಸರಿಯಾಗಿ ಎಂಬುದರ ಬಗ್ಗೆ ನನಗೆ ಹೆಮ್ಮೆಯಿತ್ತು. ನಿಯಮ, ನಮೂನೆ, ಸರದಿ ಎಂದರೆ ನನಗೆ ಪ್ರಾಣ. ಅದಕ್ಕೊಂದು ಕಾರಣವೂ ಇತ್ತು. ನಾನು ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡ ಮೇಲೆ, ಒಂದೇ ಒಂದು ಕಾಗದಕ್ಕಾಗಿ ಅಮ್ಮ ನನ್ನ ಕೈ ಹಿಡಿದುಕೊಂಡು ಸರ್ಕಾರಿ ಕಚೇರಿಯೊಂದಕ್ಕೆ ಎಷ್ಟು ಸಲ ಅಲೆದಳೋ ಲೆಕ್ಕವಿಲ್ಲ. ಗುಮಾಸ್ತರು ಅಂದು ಮನೆಯಲ್ಲಿ ಜಗಳವಾಡಿ ಬಂದಿದ್ದರೆ ನಮಗೆ "ನಾಳೆ ಬನ್ನಿ." ಚೆನ್ನಾಗಿ ತಿಂಡಿ ತಿಂದು ಬಂದಿದ್ದರೆ "ಮಧ್ಯಾಹ್ನ ನೋಡೋಣ." ಅಮ್ಮ ಬಾಗಿಲಲ್ಲಿ ನಿಂತು ಮೊದಲು ಅವರ ಮುಖ ನೋಡುತ್ತಿದ್ದಳು, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಯಾರ ಮುಖವನ್ನೂ ನೋಡದೆ ಕೆಲಸವಾಗುವ ಕಚೇರಿ ಎಂದಾದರೂ ಬರಬೇಕು ಎಂಬ ಆಸೆ ನನ್ನಲ್ಲಿ ಅಂದೇ ಕೂತುಬಿಟ್ಟಿತು.

ಆದ್ದರಿಂದ ಆ ಯೋಜನೆ ಬಂದಾಗ ಅದು ನನಗಾಗಿಯೇ ಬಂದಿದೆ ಎಂದುಕೊಂಡೆ. ಒಂದು ಊರನ್ನು ಆರಿಸಿ ಅಲ್ಲಿ ಎಲ್ಲವನ್ನೂ ಯಂತ್ರದಿಂದಲೇ ನಡೆಸಿ ತೋರಿಸುವುದು. ನಲ್ಲಿಯ ನೀರು, ಬೀದಿದೀಪ, ಸಿಬ್ಬಂದಿಯ ಹಾಜರಿ, ಅರ್ಜಿ, ದೂರು, ಎಲ್ಲ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಯಾರಿಗೂ ಕೈ ಮುಗಿಯಬೇಕಾಗಿಲ್ಲ. ನಂಜನಗೂಡಿನ ಸಭೆಯಲ್ಲಿ ಎಂಜಿನಿಯರೊಬ್ಬರು ಇದನ್ನು ಒಂದು ಗಂಟೆ ವಿವರಿಸಿದರು. ಉಳಿದ ಪಿಡಿಒಗಳು ಊಟಕ್ಕೆ ಏನಿದೆ ಎಂದು ಬಾಗಿಲ ಕಡೆ ನೋಡುತ್ತಿದ್ದಾಗ ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟಿದವರ ಊರೇ ಆಯ್ಕೆಯಾಯಿತು.

ನನ್ನದು ಕನ್ನಡ ಎಂ.ಎ. ಅದು ತಿಳಿದದ್ದೇ ಎಂಜಿನಿಯರು, ಯಂತ್ರ ಜನರಿಗೆ ಹೇಳಬೇಕಾದ ಮಾತುಗಳನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡಿ ಎಂದರು. ಎರಡು ಭಾನುವಾರ ಕೂತು ಬರೆದೆ. "ಹೊಂದಿಕೆಯಾಗಿಲ್ಲ," "ಮಾಹಿತಿ ನೀಡಲಾಗಿದೆ," "ನಿಮ್ಮ ದೂರನ್ನು ಪರಿಹರಿಸಲಾಗಿದೆ, ಸಹಕಾರಕ್ಕೆ ಧನ್ಯವಾದಗಳು." ಗಂಡ ಬನ್ನೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಓದಿ ನೋಡಿ, "ಎಲ್ಲಾ ಕರ್ಮಣಿ ಪ್ರಯೋಗವೇ ಆಯ್ತಲ್ಲ. ಯಾರು ಪರಿಹರಿಸಿದ್ದು ಅಂತ ಎಲ್ಲೂ ಇಲ್ವಲ್ಲೇ?" ಎಂದರು. "ಅದೇ ಅದರ ಸೊಗಸು," ಎಂದೆ.

ಊರಿನಲ್ಲಿ ನೀರು ಬಿಡುವ ಕೆಲಸ ನೀರುಗಂಟಿಯದು. ಐವತ್ತೈದರ ಆಸುಪಾಸಿನ ಮನುಷ್ಯ, ತಲೆಗೆ ಸದಾ ಒಂದು ಟವೆಲ್ಲು, ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀ. ಅಪ್ಪನ ಕಾಲದಿಂದ ಅವರದೇ ಮನೆಗೆ ಆ ಕೆಲಸ. ಒಳ್ಳೆಯವರೇ, ಆದರೆ ನೀರಿನ ವಿಷಯದಲ್ಲಿ ಅವರಿಗೊಂದು ಕ್ರಮವಿತ್ತು. ಮೊದಲು ದೊಡ್ಡ ಬೀದಿ, ಆಮೇಲೆ ತಮ್ಮ ನೆಂಟರಿಷ್ಟರಿರುವ ಬೀದಿ, ಕಟ್ಟಕಡೆಗೆ ಊರಾಚೆಯ ಕೊನೆ ಬೀದಿ. ಅಲ್ಲಿಗೆ ತಲುಪುವ ಹೊತ್ತಿಗೆ ನೀರು ದಾರದಷ್ಟು ಸಣ್ಣಗಾಗಿರುತ್ತಿತ್ತು. ನಾನು ಎಷ್ಟೋ ಸಲ ಹೇಳಿದ್ದೆ. "ಆಯ್ತು ಮೇಡಂ" ಎನ್ನುತ್ತಿದ್ದರು, ಮಾರನೇ ದಿನ ಮತ್ತೆ ಅದೇ ದಾರ.

ವಾಲ್ವುಗಳಿಗೆ ಮೋಟಾರು ಕೂರಿಸಿದ ದಿನ ಅವರ ಕೀಯನ್ನು ಒಂದು ಸಣ್ಣ ಸಮಾರಂಭ ಮಾಡಿಯೇ ಪಡೆದುಕೊಂಡೆ. ಅವರು ಕೊಡುತ್ತಿರುವ ಹಾಗೆ, ನಾನು ಮುಗುಳ್ನಗುತ್ತ ತೆಗೆದುಕೊಳ್ಳುತ್ತಿರುವ ಹಾಗೆ ಫೋಟೊ ತೆಗೆಸಿ ಮೇಲಿನವರಿಗೆ ಕಳಿಸಿದೆ. ಕೀಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರನ್ನು ಯಂತ್ರದ ಪರದೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, "ಇನ್ನು ಮುಂದೆ ನೀವು ನೋಡ್ಕೊಂಡಿದ್ರೆ ಸಾಕು ಅಣ್ಣ," ಎಂದೆ. "ಏನ್ ನೋಡ್ಲಿ ಮೇಡಂ?" ಎಂದರು. ಎಲ್ಲ ಸರಿಯಿದ್ದರೆ ಪರದೆಯಲ್ಲಿ ಉರಿಯುವ ಹಸಿರು ದೀಪ ತೋರಿಸಿದೆ.

ಮೊದಲ ದಿನದ ಬೆಳಗನ್ನು ಮರೆಯಲಾರೆ. ಅದನ್ನು ನೋಡಲೆಂದೇ ಹಿಂದಿನ ರಾತ್ರಿ ಊರಲ್ಲೇ ಉಳಿದುಕೊಂಡಿದ್ದೆ. ಕೊನೆ ಬೀದಿಯ ನಲ್ಲಿಗಳಲ್ಲಿ ನೀರು ದೊಡ್ಡ ಬೀದಿಯಷ್ಟೇ ರಭಸವಾಗಿ ಬಂತು. ಎಲ್ಲ ಮನೆಗೂ ಒಂದೇ ಸಮ, ಇಪ್ಪತ್ತು ನಿಮಿಷ. ಆ ಬೀದಿಯ ಅಜ್ಜಿಯೊಬ್ಬಳು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಸವರಿ, "ನಿನ್ನ ವಟ್ಟೆ ತಣ್ಣಗಿರ್ಲಿ ಕಣವ್ವ," ಎಂದಳು. ಅಂದು ಸಂಜೆ ಬಸ್ಸಿನಲ್ಲಿ ನಾನು ಕೂತಿದ್ದ ಠೀವಿ ನೋಡಿದ್ದರೆ ನಿಮಗೂ ನಗು ಬರುತ್ತಿತ್ತು. ಪಕ್ಕದ ಹೆಂಗಸಿಗೆ ಕಿಟಕಿ ಬಿಟ್ಟುಕೊಡುವಾಗಲೂ ಏನೋ ಒಂದು ಸವಲತ್ತು ಮಂಜೂರು ಮಾಡುತ್ತಿರುವಂತೆ ಬಿಟ್ಟುಕೊಟ್ಟೆ.

ಕೆಲವು ತಿಂಗಳು ಹಾಗೇ ನಡೆಯಿತು. ಆಮೇಲೆ ನಾಟಿಯ ಕಾಲ ಬಂತು. ಕಾಲುವೆಗೆ ನೀರು ಬಿಟ್ಟ ಮೇಲೆ ಕೊನೆ ಬೀದಿಯ ಹೆಂಗಸರೆಲ್ಲ ಆರು ಗಂಟೆಗೇ ಗದ್ದೆಗೆ ಹೋಗುತ್ತಾರೆ. ಯಂತ್ರ ಆ ಬೀದಿಗೆ ನೀರು ಬಿಡುತ್ತಿದ್ದುದು ಏಳಕ್ಕೆ. ಬೀಗ ಹಾಕಿದ ಮನೆಗಳ ಮುಂದೆ ನೀರು ಬಂದು, ಹರಿದು, ನಿಂತುಹೋಗುತ್ತಿತ್ತು. ನೀರುಗಂಟಿಯ ಕಾಲದಲ್ಲಾದರೆ ಸಣ್ಣಗಾದರೂ ಸಂಜೆ ಒಂದು ಸಲ ಬರುತ್ತಿತ್ತು.

ಅದೇ ಅಜ್ಜಿ ದೂರು ಕೊಡಲು ಬಂದಳು. ನನಗೆ ಹೇಳಿದರೆ ಆಗುವುದಿಲ್ಲ, ಪಂಚಾಯಿತಿ ಜಗುಲಿಯಲ್ಲಿದ್ದ ಪರದೆಗೇ ಹೇಳಬೇಕು. ಹೇಳುವ ಮೊದಲು ಹೆಬ್ಬೆಟ್ಟು ಒತ್ತಬೇಕು. ಪೈರು ನೆಟ್ಟು ನೆಟ್ಟು ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರ ನನ್ನದೇ ಕನ್ನಡದಲ್ಲಿ ಉಲಿಯಿತು: "ಬೆರಳಚ್ಚು ಹೊಂದಿಕೆಯಾಗಿಲ್ಲ. ದಯವಿಟ್ಟು ಕೈಯನ್ನು ನೀರಿನಲ್ಲಿ ತೊಳೆದು ಮತ್ತೊಮ್ಮೆ ಪ್ರಯತ್ನಿಸಿ."

ಅಜ್ಜಿ ನನ್ನ ಕಡೆ ತಿರುಗಿದಳು. "ನೀರಿಲ್ಲ ಅಂತ್ಲೇ ಯೋಳಕ್ ಬಂದಿರೋದು ಕಣವ್ವ. ಇದ್ಯಾವಳವ್ವ ಇವಳು, ಕೈ ತೊಳ್ಕೊಂಡ್ ಬಾ ಅಂತವಳೆ?"

ನಾನು ಪರದೆ ನೋಡಿದೆ. "ಅಜ್ಜಿ, ನಮ್ಮ ಪ್ರಕಾರ ನಿಮ್ಮ ಮನೆಗೆ ಇವತ್ತು ನೀರು ಬಂದಿದೆ."

"ಅಂಗಾರೆ ನಿಮ್ ಪ್ರಕಾರದಲ್ಲೇ ಒಂದು ಬಿಂದಿಗೆ ತುಂಬ್ಸಿ ಕೊಡು, ಒಯ್ತೀನಿ."

ಹಿಂದೆ ನಿಂತಿದ್ದವರು ನಕ್ಕರು. ನನಗೆ ಅವಮಾನವಾಯಿತು, ಅವಳ ಮೇಲೆ ಸ್ವಲ್ಪ ಸಿಟ್ಟೂ ಬಂತು. ಆದರೂ ಅವಳ ಪರವಾಗಿ ನನ್ನ ಹೆಬ್ಬೆಟ್ಟು ಒತ್ತಿ, ಕೊನೆ ಬೀದಿಗೆ ನಾಟಿ ಮುಗಿಯುವ ತನಕ ಐದೂವರೆಗೆ ನೀರು ಬಿಡಬೇಕೆಂದು ದೂರು ದಾಖಲಿಸಿದೆ. ಕೈ ತೆಗೆಯುವಷ್ಟರಲ್ಲಿ ನನ್ನ ಮೊಬೈಲಿಗೆ ಸಂದೇಶ ಬಂತು. "ನಿಮ್ಮ ದೂರನ್ನು ಪರಿಹರಿಸಲಾಗಿದೆ. ಸಹಕಾರಕ್ಕೆ ಧನ್ಯವಾದಗಳು." ಮಾರನೇ ದಿನವೂ ನೀರು ಏಳಕ್ಕೇ ಬಂತು. ಯಾರು ಪರಿಹರಿಸಿದರು, ಏನನ್ನು ಪರಿಹರಿಸಿದರು ಎಂದು ಕೇಳೋಣವೆಂದರೆ ಆ ವಾಕ್ಯದಲ್ಲಿ ಹಿಡಿದು ಕೇಳಲು ಒಬ್ಬ ಕರ್ತೃವೂ ಇರಲಿಲ್ಲ. ಗಂಡನಿಗೆ ಈ ವಿಷಯ ನಾನು ಹೇಳಲಿಲ್ಲ.

ಮೇಲಿನವರಿಗೆ ಒಂದು ಪತ್ರ ಬರೆದೆ. ಅದಕ್ಕೂ ಅದೇ ಉತ್ತರ ಬಂತು. ಅಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ. ಅಜ್ಜಿ ದಾರಿಯಲ್ಲಿ ಸಿಕ್ಕರೆ, "ಸಿಸ್ಟಂ ಹೊಸದಲ್ವಾ ಅಜ್ಜಿ, ಸರಿಹೋಗುತ್ತೆ," ಎನ್ನುತ್ತಿದ್ದೆ. ಅವಳು ತಲೆಯ ಮೇಲಿನ ಬಿಂದಿಗೆಯನ್ನು ಹಾಗೇ ಹೊತ್ತುಕೊಂಡು ತೋಟದ ಬೋರ್‌ವೆಲ್ ಕಡೆ ನಡೆಯುತ್ತಿದ್ದಳು. ಬರಬರುತ್ತ ದೂರು ಕೊಡಲು ಯಾರೂ ಬರದಾದರು. ತಾಲ್ಲೂಕಿನ ಸಭೆಯಲ್ಲಿ ನಮ್ಮ ಊರಿನ ಹೆಸರು ಓದಿ, "ಬಾಕಿ ದೂರು: ಸೊನ್ನೆ," ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡೆ.

ಹೀಗಿರುವಾಗ ಆ ಅಜ್ಜಿಯ ಗಂಡ ತೀರಿಕೊಂಡರು.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮಣ್ಣು ಮಾಡಿ ಬಂದವರೆಲ್ಲ ಕೊನೆ ಬೀದಿಯಲ್ಲಿ ನಿಂತಿದ್ದರು. ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿಲ್ಲ. ಬೇರೆ ಊರುಗಳಿಂದ ಬಂದ ನೆಂಟರೂ ಇದ್ದರು. ಬೆಳಿಗ್ಗೆ ಬಂದ ನೀರು ಹೆಣದ ಸ್ನಾನಕ್ಕೇ ಮುಗಿದಿತ್ತು. ನೀರುಗಂಟಿ ಪರದೆಯ ಮುಂದಿನ ಕುರ್ಚಿಯಿಂದೆದ್ದು ನನ್ನ ಕೋಣೆಗೆ ಬಂದರು.

"ಮೇಡಂ, ಕೊನೆ ಬೀದಿಲಿ ಸಾವಾಗದೆ. ಜನ ಬಿಸ್ಲಲ್ಲಿ ನಿಂತವ್ರೆ. ಒಂದರ್ಧ ಗಂಟೆ ನೀರು ಬುಡಿಸ್ಬೇಕಲ್ಲ."

"ಬಿಡಿಸೋಣ ಅಣ್ಣ, ಅದಕ್ಕೇನು?" ಎಂದು ದೊಡ್ಡ ಗತ್ತಿನಲ್ಲಿ ಪರದೆಯ ಮುಂದೆ ಕೂತೆ.

ಹೆಚ್ಚುವರಿ ನೀರಿಗೆ ಕಾರಣ ಆರಿಸಿ, ಎಂದಿತು ಯಂತ್ರ. ಮೂರು ಕಾರಣಗಳಿದ್ದವು. ರಾಷ್ಟ್ರೀಯ ಹಬ್ಬ, ಗಣ್ಯರ ಭೇಟಿ, ಬೆಂಕಿ ಅನಾಹುತ. ಸಾವು ಎಂಬುದು ಅಲ್ಲಿ ಇರಲಿಲ್ಲ. ಇಡೀ ಊರನ್ನು ಸುಖವಾಗಿಡಲು ಕೂತು ಯೋಚಿಸಿದವರಿಗೆ ಅಲ್ಲಿ ಯಾರಾದರೂ ಸಾಯಬಹುದು ಎಂದು ಹೊಳೆದಿರಲಿಲ್ಲ. ಅವರನ್ನು ಅಂದು ಏನು ಪ್ರಯೋಜನ? ಆ ಪಟ್ಟಿಯ ಕನ್ನಡವನ್ನು ತಿದ್ದಿದವಳು ನಾನೇ. 'ಅನಾಹುತ'ದ ಕಾಗುಣಿತ ನೋಡಿದ್ದೆ, ಪಟ್ಟಿಯನ್ನು ನೋಡಿರಲಿಲ್ಲ.

ಮೊದಲು ಗಣ್ಯರ ಭೇಟಿ ಒತ್ತಿದೆ. ಗಣ್ಯರ ಹೆಸರು ಮತ್ತು ಪ್ರವಾಸದ ಪಟ್ಟಿಯನ್ನು ಎರಡು ದಿನ ಮುಂಚಿತವಾಗಿ ಸಲ್ಲಿಸಬೇಕು ಎಂದಿತು. ಅಷ್ಟರಲ್ಲಿ ಹೊರಗೆ ಯಾರೋ ಜೋರಾಗಿ ಮಾತಾಡುತ್ತಿರುವುದು ಕೇಳಿಸಿತು. ಬೆಂಕಿ ಅನಾಹುತ ಒತ್ತಿಬಿಟ್ಟೆ. ಪರದೆ ಕೆಂಪಾಯಿತು. "ಗ್ರಾಮದ ಎಲ್ಲ ನೀರನ್ನು ಕಾಯ್ದಿರಿಸಲಾಗಿದೆ. ಅಗ್ನಿಶಾಮಕ ದಳಕ್ಕೆ ಮಾಹಿತಿ ನೀಡಲಾಗಿದೆ."

"ಏನಂತದೆ ಮೇಡಂ?" ಎಂದರು ನೀರುಗಂಟಿ.

"ಫೈರ್ ಎಂಜಿನ್ ಬರ್ತಿದೆಯಂತೆ."

ಅವರು ನಗಲಿಲ್ಲ. ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಹೊರಟರು. ನಾನು ಯಂತ್ರದ ಜೊತೆ ಹೆಣಗುತ್ತಿದ್ದೆ. ರದ್ದು ಮಾಡುವ ಗುಂಡಿ ಸಿಗಲಿಲ್ಲ. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಇಂಪಾದ ದನಿ ನನ್ನವೇ ವಾಕ್ಯಗಳನ್ನು ನನಗೆ ಓದಿ ಹೇಳಿತು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು ಕೊನೆ ಬೀದಿಗೆ ಓಡಿದಾಗ ಅಲ್ಲಿ ನೀರು ಧಾರಾಕಾರ ಹರಿಯುತ್ತಿತ್ತು. ಗಂಡಸರು ಚಡ್ಡಿಯಲ್ಲಿ ನಿಂತು ಬಿಂದಿಗೆಯಲ್ಲಿ ಸುರಿದುಕೊಳ್ಳುತ್ತಿದ್ದರು. ವಾಲ್ವಿನ ಹಳ್ಳದ ಪಕ್ಕದಲ್ಲಿ, ಅದರ ಮೋಟಾರು ಬಿಚ್ಚಿಟ್ಟು, ನೀರುಗಂಟಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಇನ್ನೊಂದು ಕೀ.

"ಇದೆಲ್ಲಿತ್ತು ಅಣ್ಣ?" ಎಂದೆ.

"ನಿಮಗೆ ಅದನ್ನ ಕೊಟ್ಟ ವಾರವೇ ಕುಲುಮೆಲಿ ಒಂದು ಮಾಡಿಸ್ಕಂಡಿದ್ದೆ. ನಿಮ್ ಮ್ಯಾಲೆ ಅಪನಂಬಿಕೆ ಅಂತಲ್ಲ ಬುಡಿ, ಆ ಹಸ್ರು ದೀಪದ ಮ್ಯಾಲೆ."

ಆಗಲೇ ಗಂಟೆ ಬಾರಿಸುತ್ತ ಕೆಂಪು ವಾಹನ ಬಂದು ಬೀದಿಯ ತುದಿಯಲ್ಲಿ ನಿಂತಿತು. ಹೆಲ್ಮೆಟ್ಟು ಹಾಕಿದ ಸಿಬ್ಬಂದಿ ಇಳಿದು, ಒದ್ದೆಯಾಗಿ ನಿಂತಿದ್ದ ಇಷ್ಟೊಂದು ಜನರನ್ನು ನೋಡಿ, "ಬೆಂಕಿ ಎಲ್ಲಿ ಮೇಡಂ?" ಎಂದು ಕೇಳಿದರು. ಆ ಬೀದಿಯಲ್ಲಿ ಉರಿಯುತ್ತಿದ್ದುದು ನನ್ನ ಮುಖ ಒಂದೇ. "ಆರಿದೆ," ಎಂದೆ. ಅವರು ಪಾಪ, ಸಾವಿನ ಮನೆ ಎಂದು ತಿಳಿದು, ತಲೆಯ ಮೇಲಿನದನ್ನು ತೆಗೆದು ಒಂದು ನಿಮಿಷ ನಿಂತು ಹೋದರು. ಅಜ್ಜಿ ಜಗುಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಮನೆಯಲ್ಲಿ ಹೇಳಿಕೊಂಡು ನಗುವ ಕಥೆಯಾಗುತ್ತಿತ್ತು. ಪಂಚಾಯಿತಿಗೆ ವಾಪಸು ಬಂದಾಗ ಪರದೆ ನನಗಾಗಿ ಕಾಯುತ್ತಿತ್ತು. ಅನುಮತಿಯಿಲ್ಲದೆ ನೀರು ಹೊರಹೋಗಿದೆ, ಕಾರಣ ತಿಳಿಸಿ. ಇಲ್ಲೂ ಮೂರೇ. ಪೈಪು ಒಡೆದಿದೆ, ಯಂತ್ರದ ದೋಷ, ಕಳವು. ಪೈಪು ಒಡೆದಿದ್ದರೆ ಫೋಟೊ ಹಾಕಬೇಕು. ಯಂತ್ರದ ದೋಷ ಎಂದರೆ ಮಾದರಿ ಗ್ರಾಮದ ಅಂಕ ಕಡಿಮೆಯಾಗುತ್ತದೆ, ಮೇಲಿನಿಂದ ತನಿಖೆಗೆ ಬರುತ್ತಾರೆ, ಬೆಂಕಿಯ ಕಥೆಯೂ ಹೊರಬೀಳುತ್ತದೆ. ಕಳವು ಒತ್ತಿದೆ. ಯಾರು ಎಂದು ಕೇಳಿತು. ಗೊತ್ತಿಲ್ಲ ಎನ್ನಲು ಅವಕಾಶವಿರಲಿಲ್ಲ. ಸಿಬ್ಬಂದಿಯ ಪಟ್ಟಿಯಲ್ಲಿ ನೀರಿಗೆ ಸಂಬಂಧಿಸಿದಂತೆ ಇದ್ದುದು ಒಂದೇ ಹೆಸರು. ನಾಳೆ ಹೇಗಾದರೂ ಸರಿಮಾಡಿದರಾಯಿತು, ಈಗ ಪರದೆ ಹಸಿರಾದರೆ ಸಾಕು ಎಂದುಕೊಂಡೆ. ಐದೂಕಾಲಿನ ಬಸ್ಸು ತಪ್ಪಿಹೋದೀತು ಎಂದು ಗಡಿಯಾರವನ್ನೂ ನೋಡಿದೆ. ಆ ಹೆಸರು ಒತ್ತಿದೆ. ಪರದೆ ಹಸಿರಾಯಿತು. ಬಸ್ಸು ಸಿಕ್ಕಿತು.

ಮಾರನೇ ದಿನ ಬೆಳಿಗ್ಗೆ ಹಾಜರಿ ಯಂತ್ರದ ಮುಂದೆ ನೀರುಗಂಟಿ ಮುಖ ಹಿಡಿದು ನಿಂತಿದ್ದರು. "ನಿಮ್ಮನ್ನು ಗುರುತಿಸಲಾಗಿಲ್ಲ," ಎಂದಿತು ಅದು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ನಿಂತರು. ಟವೆಲ್ಲು ತೆಗೆದು ತಲೆಗೂದಲು ಒತ್ತಿಕೊಂಡು ಇನ್ನೊಮ್ಮೆ ನಿಂತರು. ಗುರುತಿಸಲಾಗಿಲ್ಲ. ನನ್ನ ಕಡೆ ತಿರುಗಿ, "ನಾನೇ ಅಲ್ವಾ ಮೇಡಂ?" ಎಂದರು.

"ನೆಟ್‌ವರ್ಕ್ ಸರಿ ಇಲ್ಲ ಅಣ್ಣ," ಎಂದೆ.

ಅದನ್ನೇ ಸುಮಾರು ಒಂದು ತಿಂಗಳು ಹೇಳಿದೆ. ಅವರ ಸಂಬಳ ನಿಂತಿತು. ಆದರೂ ದಿನಾ ಬಂದು ಯಂತ್ರಕ್ಕೆ ಮುಖ ತೋರಿಸಿ, ಇಲ್ಲವೆನ್ನಿಸಿಕೊಂಡು, ಕುರ್ಚಿಯಲ್ಲಿ ಕೂತು ಹಸಿರು ದೀಪ ನೋಡುತ್ತಿದ್ದರು. ನಾನು ಸರಿಮಾಡಲು ಪ್ರಯತ್ನಿಸಲಿಲ್ಲವೆಂದಲ್ಲ. ಒಬ್ಬರನ್ನು ಪಟ್ಟಿಯಿಂದ ತೆಗೆಯುವುದಕ್ಕೆ ಒಂದು ಒತ್ತು ಸಾಕಾಗಿತ್ತು. ಮತ್ತೆ ಸೇರಿಸಲು ಹೋದರೆ, ಸ್ವಯಂಚಾಲಿತ ಗ್ರಾಮದಲ್ಲಿ ನೀರುಗಂಟಿ ಎಂಬ ಹುದ್ದೆಯೇ ಇಲ್ಲ ಎಂದಿತು. ಮೈಸೂರಿಗೆ ಹೋಗಿ ಯೋಜನೆ ನೋಡಿಕೊಳ್ಳುವ ಅಧಿಕಾರಿಯನ್ನು ಕಂಡೆ. ಅವರು ನನ್ನ ಮಾತನ್ನು ಅರ್ಧದಲ್ಲೇ ತಡೆದು ಕೈಕುಲುಕಿದರು. "ನಿಮ್ಮೂರಿಗೆ ಪ್ರಶಸ್ತಿ ಬಂದಿದೆ ಮೇಡಂ. ಒಂದೂ ದೂರಿಲ್ಲ! ಈಗ ಏನನ್ನೂ ಅಲ್ಲಾಡಿಸಬೇಡಿ."

ಸಮಾರಂಭಕ್ಕೆ ಹೋಗುವಾಗ ಬಸ್ಸಿನಲ್ಲಿ ಒಂದು ಭಾಷಣ ಸಿದ್ಧ ಮಾಡಿಕೊಂಡೆ. ವೇದಿಕೆಯ ಮೇಲೆ ನಿಂತು ಎಲ್ಲವನ್ನೂ ಹೇಳಿಬಿಡುವುದು. ಅಜ್ಜಿಯ ಬೆರಳು, ಆ ಮಧ್ಯಾಹ್ನ, ನಾನು ಒತ್ತಿದ ಹೆಸರು. ಮೈಸೂರು ಮುಟ್ಟುವಷ್ಟರಲ್ಲಿ ಆ ಭಾಷಣ ಎಷ್ಟು ಚೆನ್ನಾಗಿ ಮೂಡಿಬಂದಿತ್ತೆಂದರೆ ನನ್ನ ಕಣ್ಣಲ್ಲೇ ನೀರು ಬಂದು, ಕಂಡಕ್ಟರು "ಏನಾಯ್ತಮ್ಮ?" ಎಂದು ಕೇಳಿದ್ದರು. ವೇದಿಕೆಯಲ್ಲಿ ನನ್ನ ಸರದಿ ಬಂದಾಗ ಮೈಕು ಕೈಗೆ ಕೊಟ್ಟರು. ಎದುರಿಗೆ ಮೊದಲ ಸಾಲಿನಲ್ಲಿ ನನ್ನ ಮೇಲಿನ ಅಧಿಕಾರಿಗಳೆಲ್ಲ ಕೂತಿದ್ದರು. "ಎಲ್ಲರಿಗೂ ನಮಸ್ಕಾರ," ಎಂದೆ. "ಈ ಸಾಧನೆಗೆ ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು." ಇಳಿದು ಬಂದು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತೆ. ಎರಡನೇ ಸಲ ಪಾಯಸ ಹಾಕಿಸಿಕೊಂಡೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮಾರನೇ ದಿನ ಫಲಕವನ್ನು ಪಂಚಾಯಿತಿಗೆ ತಂದಿದ್ದೆ. ನೀರುಗಂಟಿ ಅದನ್ನು ಕೈಯಲ್ಲಿ ಹಿಡಿದು, ಟವೆಲ್ಲಿನಿಂದ ಧೂಳು ಒರೆಸಿ, ಮೇಜಿನ ಮೇಲಿಟ್ಟು, "ಚೆನ್ನಾಗದೆ ಮೇಡಂ," ಎಂದರು. ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಬಾಗಿಲು ಮುಂದೆ ಮಾಡಿ, ಅವರನ್ನು ಕೂರಿಸಿ, ನಾನೇ ಅವರ ಹೆಸರು ಒತ್ತಿದ್ದು, ನೆಟ್‌ವರ್ಕ್ ಎಂದದ್ದು ಸುಳ್ಳು ಎಂದು ಹೇಳಿದೆ.

ಅವರು ಆಶ್ಚರ್ಯಪಡಲಿಲ್ಲ. "ಗೊತ್ತಿತ್ತು ಮೇಡಂ. ಮಾರ್ನೇ ದಿನ್ವೇ ಪರದೆ ಮ್ಯಾಲೆ ಇತ್ತಲ್ಲ, ಕಳವು ಅಂತ, ಪಕ್ಕದಲ್ಲೇ ನನ್ನ ಎಸ್ರು. ದಿನಾ ಅದ್ರ ಮುಂದೇನೆ ಕೂತಿರ್ತೀನಿ. ನನಗೆ ಓದಕ್ ಬತ್ತದೆ."

ಇಷ್ಟು ವರ್ಷ ಅವರಿಗೆ ಬಂದ ಸುತ್ತೋಲೆಗಳನ್ನೆಲ್ಲ ನಾನೇ ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದೆ. ಓದಲು ಬರುತ್ತದೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ.

"ಮತ್ತೆ ಯಾಕೆ ಅಣ್ಣ ಕೇಳ್ಲಿಲ್ಲ?"

"ಏನಂತ ಕೇಳ್ಳಿ? ನಿಮಗೂ ಮ್ಯಾಗಿನವ್ರು ಅವ್ರೆ." ಫಲಕವನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿ ಮುಂದುವರಿಸಿದರು. "ಕಳ್ಳ ಅಂದಿದ್ದಕ್ಕೆ ಬೇಜಾರಿಲ್ಲ ಮೇಡಂ. ಹಿಂದೆ ನಮ್ ನೆಂಟ್ರ ಬೀದಿಗೆ ಜಾಸ್ತಿ ಬುಡ್ತಿದ್ನಲ್ಲ, ಆವಾಗ ಕಳ್ಳ ಅಂದಿದ್ರೆ ಸರೀನೇ ಇತ್ತು. ಕೊನೆ ಬೀದಿಗೆ ನಾನಾಗಿ ನಾನು ಬಿಂದಿಗೆ ತುಂಬ ನೀರು ಬುಟ್ಟಿದ್ದು ಅದೊಂದೇ ಸಲ. ಅದನ್ನೇ ಕಳವು ಅಂತ ಬರುದ್ರಲ್ಲ. ಅದೊಂದೇ ಬೇಜಾರು."

ನಾನು ಅತ್ತೆ. ಅವರಿಗೆ ಅದರಿಂದ ಇನ್ನೂ ಕಷ್ಟವಾಯಿತು. ಎದ್ದು ಹೋಗಿ ನನಗೆ ಒಂದು ಲೋಟ ನೀರು ತಂದುಕೊಟ್ಟರು.

ಆಮೇಲೆ ಅಜ್ಜಿಯ ಮನೆಗೂ ಹೋದೆ. ಅವಳು ಭತ್ತ ಕೇರುತ್ತಿದ್ದಳು. ತಪ್ಪಾಯಿತು ಅಜ್ಜಿ ಎಂದೆ. "ನನಗ್ಯಾಕವ್ವ ಯೋಳೀಯೆ, ಅವನ ಕೂಲಿ ಕೊಡ್ಸು ಮೊದ್ಲು. ಅವನೆಡ್ತಿ ನಮ್ ಜೊತೆ ಕಳೆ ಕೀಳಕ್ ಬತ್ತಾವಳೆ," ಎಂದು ಮೊರ ಎತ್ತಿ ಹೊಟ್ಟು ತೂರಿದಳು. ಅರ್ಧ ಹೊಟ್ಟು ನನ್ನ ಸೀರೆಯ ಮೇಲೆ ಬಿತ್ತು. ಬೇಕೆಂದೇ ಮಾಡಿದಳೋ ಏನೋ, ಕೇಳಲಿಲ್ಲ.

ದಾರಿ ಹೊಳೆದದ್ದು ಆ ಯಂತ್ರದಿಂದಲೇ. ಮನುಷ್ಯರನ್ನು ಸೇರಿಸಿಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ, ಆದರೆ ಉಪಕರಣಗಳನ್ನು ಸೇರಿಸಲು ಎಷ್ಟು ಬೇಕಾದರೂ ಜಾಗವಿತ್ತು. ಒಂದು ಮಧ್ಯಾಹ್ನ ಧೈರ್ಯ ಮಾಡಿ, ಉಪಕರಣಗಳ ಪಟ್ಟಿಯಲ್ಲಿ 'ತುರ್ತು ಹಸ್ತಚಾಲಿತ ಜಲ ನಿಯಂತ್ರಕ, ಒಂದು' ಎಂದು ಟೈಪು ಮಾಡಿದೆ. ಶುದ್ಧ ಕನ್ನಡ ಕೆಲಸಕ್ಕೆ ಬಂದದ್ದು ಆಗ ಮಾತ್ರ. ಯಂತ್ರ ಕೂಡಲೇ ಒಪ್ಪಿಕೊಂಡು, ಪ್ರತಿ ತಿಂಗಳೂ ಅದರ ನಿರ್ವಹಣೆಗೆ ಮಂಜೂರಾತಿ ಕೊಟ್ಟಿತು. ಅವರ ಸಂಬಳಕ್ಕಿಂತ ತುಸು ಹೆಚ್ಚೇ.

ಆ ನಿಯಂತ್ರಕ ನೀವೇ, ಆ ಹಣವೇ ನಿಮ್ಮ ಸಂಬಳ ಎಂದು ಅವರಿಗೆ ನಾಚಿಕೆಯಿಂದ ಮುಖ ನೋಡದೆ ತಿಳಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ವಾರಂಟಿ ಕೇಳಿರ್ಬೇಕಲ್ಲ, ಏನಂತ ಬರುದ್ರಿ?" ಎಂದರು.

"ಐದು ವರ್ಷ."

"ಅಷ್ಟೇನಾ? ನಮ್ಮಪ್ಪ ಎಂಬತ್ತರ ತನಕ ವಾಲ್ವು ತಿರುಗ್ಸವ್ನೆ."

ಬೀರುವಿನ ಬೀಗ ತೆಗೆದು ಹಳೆಯ ಕೀಯನ್ನು ಕೊಟ್ಟೆ. ಈ ಸಲ ಫೋಟೊ ತೆಗೆಸಲಿಲ್ಲ. ಒಂದು ಷರತ್ತು ಮಾತ್ರ ಹಾಕಿದೆ. ದಿನದ ನೀರನ್ನು ಯಂತ್ರವೇ ಬಿಡಲಿ, ಎಲ್ಲ ಬೀದಿಗೂ ಒಂದೇ ಸಮ. ಸಾವು, ಬಾಣಂತನ, ನಾಟಿಯ ಬೆಳಗು, ಇವು ಮಾತ್ರ ಅವರವು. "ನೆಂಟ್ರ ಬೀದಿ?" ಎಂದೆ. "ಬುಡಿ ಮೇಡಂ," ಎಂದು ನಕ್ಕರು. ಪೂರ್ತಿ ಬಿಟ್ಟರೆಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಕೊನೆ ಬೀದಿಗೆ ಮುಂದಿನ ನಾಟಿಯಲ್ಲಿ ಐದೂವರೆಗೇ ನೀರು ಬಂತು. ನೀರು ಸೋರಿದೆ ಎಂದು ಪರದೆ ಕೇಳಿದಾಗಲೆಲ್ಲ 'ಯಂತ್ರದ ದೋಷ' ಎಂದೇ ಒತ್ತಿದೆ. ಮಾದರಿ ಗ್ರಾಮದ ಅಂಕ ಇಳಿಯುತ್ತ ಹೋಯಿತು. ತಾಲ್ಲೂಕಿನ ಸಭೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗುವುದನ್ನು ಬಿಟ್ಟರು.

ಅಂಕ ಇಳಿದದ್ದಕ್ಕೆ ಒಬ್ಬರು ಪರಿಶೀಲಕರು ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಉಪಕರಣಗಳ ಪಟ್ಟಿ ಹಿಡಿದು, ಒಂದೊಂದಕ್ಕೂ ಸ್ಟಿಕ್ಕರು ಅಂಟಿಸುತ್ತ ಬಂದರು. ಪಟ್ಟಿಯ ಕೊನೆಗೆ ತಲುಪಿದಾಗ ಟೀ ತರಿಸಲೇ ಎಂದೆ.

"ಜಲ ನಿಯಂತ್ರಕ ಎಲ್ಲಿದೆ?"

ನೀರುಗಂಟಿ ಕುರ್ಚಿಯಿಂದೆದ್ದರು. "ಇಲ್ಲೇ ಅವ್ನೆ ಸಾ."

"ನೀವು ಇದರ ಆಪರೇಟರಾ?"

"ಆಪರೇಟ್ರೂ ನಾನೇ ಸಾ. ಅದೂ ನಾನೇ."

ಪರಿಶೀಲಕರು ನನ್ನ ಮುಖ ನೋಡಿದರು. ಸಸ್ಪೆಂಡಾದರೆ ಮನೆಯಲ್ಲಿ ಏನು ಹೇಳುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವರು ನೀರುಗಂಟಿಯನ್ನು ಪಾದದಿಂದ ತಲೆಯ ಟವೆಲ್ಲಿನವರೆಗೆ ನೋಡಿದರು. ಕೈಯಲ್ಲಿದ್ದ ಕೀ ನೋಡಿದರು. ಕಿಟಕಿಯಾಚೆ ಕೊನೆ ಬೀದಿಯ ಕಡೆಗೂ ಒಂದು ಸಲ ನೋಡಿದರು. ಆಮೇಲೆ ಸ್ಟಿಕ್ಕರಿನ ಹಿಂಭಾಗದ ಕಾಗದ ಕಿತ್ತು, "ಎಲ್ಲಿ ಅಂಟಿಸ್ಲಿ?" ಎಂದು ನೀರುಗಂಟಿಯನ್ನೇ ಕೇಳಿದರು. ಅವರು ಕೀಯ ಹಿಡಿ ಮುಂದೆ ಮಾಡಿದರು. ಪರಿಶೀಲಕರು ಅಂಟಿಸಿ, ಮೊಬೈಲು ಹಿಡಿದು, 'ಸುಸ್ಥಿತಿಯಲ್ಲಿದೆ' ಎಂದು ಒತ್ತಿ, ಟೀ ಕೂಡ ಕುಡಿಯದೆ ಹೊರಟುಹೋದರು.

ಮುಂದಿನ ವರ್ಷ ನನಗೆ ತಿ. ನರಸೀಪುರಕ್ಕೇ ವರ್ಗವಾಯಿತು. ನನ್ನ ಜಾಗಕ್ಕೆ ಬಂದವಳು ಆಗಷ್ಟೇ ತರಬೇತಿ ಮುಗಿಸಿದ್ದ ಹುಡುಗಿ. ನಿಯಮವೆಂದರೆ ಪ್ರಾಣವೆಂಬುದು ಅವಳು ಪೆನ್ನು ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇಬ್ಬರೂ ಕೂತು, ಕಚೇರಿಯ ಸಾಮಾನು ವಹಿಸಿಕೊಡುವ ಚಾರ್ಜು ಪಟ್ಟಿ ನೋಡಿದೆವು. ಮೇಜು ಎರಡು, ಬೀರು ಒಂದು, ಕುರ್ಚಿ ಆರು. ಅವಳು ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಿ ಟಿಕ್ ಹಾಕುತ್ತಿದ್ದಳು. ಕೊನೆಯ ಸಾಲಿನ ಮೇಲೆ ಪೆನ್ನು ನಿಂತಿತು.

"ಇದೊಂದು ಕಾಣಿಸ್ತಿಲ್ಲ ಮೇಡಂ."

"ಕೊನೆ ಬೀದಿಲಿ ಬಾಣಂತಿ ಮನೆಗೆ ಹೋಗಿದ್ದಾರೆ," ಎಂದೆ. "ಬರ್ತಾರೆ. ಕೂತಿರು, ನಿನಗೆ ಎಲ್ಲ ಹೇಳ್ತೀನಿ."

ಅವಳು ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.